ಗೋಡೆಯ ಬೆನ್ನಿನ ಕಿಂಡಿ

ಎಲ್ಲರೂ ಚಪ್ಪಾಳೆ ತಟ್ಟಿದರು. ಗೋಡೆ ಮಾತ್ರ ಬಾಗಿಲು ಎಲ್ಲಿದೆ ಎಂದು ನೋಡಿದ.

ವಿಷಯ ಇಷ್ಟು. ಐವರು ಮಹಾವೀರರ ಸಿನಿಮಾ ಬಹುಮಟ್ಟಿಗೆ ಮುಗಿದಿತ್ತು. ಕಿಡಿ, ಸುಳಿ, ರೆಕ್ಕೆ, ನೆರಳು, ಗೋಡೆ. ಊರು ಕಾಯುವ ಐದು ಜನ. ಬೆರಳ ತುದಿಯಿಂದ ಬೆಂಕಿ ಚಿಮ್ಮಿಸುವ ಕಿಡಿಯ ಪಾತ್ರ ದೊಡ್ಡ ನಟನದು. ಪೋಸ್ಟರಿನಲ್ಲಿ, ಹಾಡಿನಲ್ಲಿ, ಕೊನೆಯ ಕಾಳಗದಲ್ಲಿ, ಎಲ್ಲ ಕಡೆ ನಟ್ಟನಡುವೆ ಅವನೇ. ಗೋಡೆಯ ಜಾಗ ಸಾಲಿನ ಕೊನೆ. ಇಟ್ಟಿಗೆಗೆ ಇಟ್ಟಿಗೆ ಅಂಟಿಸಿದಂತಹ ರಬ್ಬರಿನ ಮೈ, ಕಣ್ಣಿನ ಜಾಗದಲ್ಲಿ ಎರಡು ಸೀಳು, ಬಾಯಿಯಿಲ್ಲ, ಮಾತಿಲ್ಲ. ಅಪಾಯಕ್ಕೂ ಜನಕ್ಕೂ ನಡುವೆ ಹೋಗಿ ನಿಲ್ಲುವುದೊಂದೇ ಅವನ ಶಕ್ತಿ. ಹೋದ ವಾರ ಒಂದಿಷ್ಟು ಕುಟುಂಬಗಳನ್ನು ಕರೆಸಿ ಸಿನಿಮಾ ತೋರಿಸಿದ್ದರು. ದೀಪ ಹತ್ತಿದ್ದೇ ತಡ, ಮಕ್ಕಳದೆಲ್ಲ ಒಂದೇ ರಾಗ. ಗೋಡೆ ಯಾಕೆ ಮೂಲೆಯಲ್ಲಿ ನಿಂತಿದ್ದಾನೆ? ಎಲ್ಲ ಏಟು ಅವನೇ ತಿಂದ ಮೇಲೆ ಅವನನ್ನು ಯಾಕೆ ಯಾರೂ ಮಾತಾಡಿಸುವುದಿಲ್ಲ?

ಅದಕ್ಕೇ ಈ ಬೆಳಿಗ್ಗೆ ನಿರ್ದೇಶಕರು ಐವರನ್ನೂ ಮೇಕಪ್ ಕೋಣೆಯಲ್ಲಿ ಕೂಡಿಸಿ, ಕೊನೆಯ ದೃಶ್ಯವನ್ನು ಮತ್ತೆ ತೆಗೆಯುತ್ತೇವೆ, ಈ ಸಲ ನಡುವೆ ಗೋಡೆ ಎಂದರು.

"ಗೋಡೆನಾ?" ಕಿಡಿ ಕುರ್ಚಿಯಲ್ಲೇ ತಿರುಗಿದ. ಅರ್ಧ ಮುಖಕ್ಕೆ ಬಣ್ಣವಾಗಿತ್ತು. "ಮಧ್ಯದಲ್ಲಿ ಗೋಡೆ ಎದ್ರೆ ಮನೆ ಎರಡು ಪಾಲಾಗುತ್ತೆ ಸಾರ್!"

ಸುಳಿಯಾಗಿದ್ದ ನಟಿ ಕೂದಲಿಗೆ ಪಿನ್ನು ಚುಚ್ಚಿಸಿಕೊಳ್ಳುತ್ತಲೇ, "ಹೊಟ್ಟೆಕಿಚ್ಚಾ? ಪಾತ್ರದಿಂದ ಸ್ವಲ್ಪ ಹೊರಗೆ ಬನ್ನಿ" ಅಂದಳು.

"ಯಾರಾದ್ರೂ ನಿಲ್ಲಲಿ, ನನ್ನ ರೆಕ್ಕೆ ತುಳೀದಿದ್ರೆ ಸಾಕು" ಅಂದ ರೆಕ್ಕೆ.

ನೆರಳು ವಯಸ್ಸಾದ ನಟ, ಮಾತು ಕಡಿಮೆ. ಟೀ ಲೋಟ ಕೆಳಗಿಟ್ಟು ಹೇಳಿದರು: "ನಡುವೆ ಯಾರು ಅಂತ ಕೇಳೋಕೆ ಮುಂಚೆ, ಯಾರು ಇಲ್ದಿದ್ರೆ ಕಥೆ ನಡೆಯಲ್ಲ ಅಂತ ಕೇಳ್ಬೇಕು. ನಾನಿಲ್ದಿದ್ರೂ ನಡೆಯುತ್ತೆ. ರೆಕ್ಕೆ ಇಲ್ದಿದ್ರೆ ನಡ್ಕೊಂಡು ಹೋಗ್ಬಹುದು. ಕಿಡಿ ಆರಿದ್ರೆ ಮತ್ತೆ ಹಚ್ಬಹುದು. ಗೋಡೆ ಬಿದ್ರೆ ಹಿಂದಿರೋ ಜನಾನೇ ಹೋಗ್ತಾರಲ್ಲಪ್ಪ. ಆ ಮಕ್ಕಳಿಗೆ ಅದು ಗೊತ್ತಾಯ್ತು, ನಮಗೆ ಗೊತ್ತಾಗ್ಲಿಲ್ಲ."

ಆಗಲೇ ಆ ಚಪ್ಪಾಳೆ ಬಿದ್ದದ್ದು.

"ಹಾಗಾದ್ರೆ ನನ್ನ ಜಾಗ?" ಕಿಡಿ ಕೇಳಿದ.

"ಅದಲು ಬದಲು. ಗೋಡೆ ಇದ್ದ ಕಡೆ ನೀವು."

"ಬೆಂಕಿ ಉಗುಳೋ ಗ್ಯಾಸ್ ಪೈಪಿನ ಪಕ್ಕ?"

"ನೀವೇ ಬೆಂಕಿ, ನಿಮಗೆ ಬೆಂಕಿ ಏನು ಮಾಡುತ್ತೆ?" ಎಂದು ನಿರ್ದೇಶಕರು ಅವನ ಭುಜ ತಟ್ಟಿದರು. ಎಲ್ಲರೂ ನಕ್ಕರು. ಕಿಡಿಯೂ ನಕ್ಕ, ಆದರೆ ಎಲ್ಲರೂ ನಕ್ಕು ಮುಗಿಸಿದ ಮೇಲೆ. ದೊಡ್ಡ ನಟನಿಗೆ ಮುಖಭಂಗವಾಯಿತು ಎಂದು ಮೇಕಪ್ಪಿನವರು ಒಬ್ಬರನ್ನೊಬ್ಬರು ನೋಡಿಕೊಂಡರು.

"ಗೋಡೆ ಒಬ್ಬನೇ ನಡುವೆ. ಉಳಿದವರು ದೂರ ದೂರ. ಕ್ಯಾಮೆರಾ ಹಳಿ ಮೇಲೆ ಒಂದು ಪೂರ್ತಿ ಸುತ್ತು ಬರುತ್ತೆ, ಎಲ್ಲೂ ಕಟ್ ಇಲ್ಲ. ಏನಪ್ಪಾ ಗೋಡೆ, ಖುಷಿನಾ?" ಎಂದರು ನಿರ್ದೇಶಕರು.

ಗೋಡೆ ತಲೆಯಾಡಿಸಿದ. ಎಲ್ಲೂ ಕಟ್ ಇಲ್ಲ. ಪೂರ್ತಿ ಸುತ್ತು. ಎಂದರೆ ಅವನ ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳಲು ಚಿಕ್ಕಮ್ಮನಿಗೆ ಜಾಗವೇ ಇಲ್ಲ.

ಗೋಡೆ ಮೊದಲಿನಿಂದ ನಟನಲ್ಲ. ಫ್ರಿಜ್ಜು, ಬೀರು, ಬಟ್ಟೆ ಒಗೆಯುವ ಯಂತ್ರ ಹೊತ್ತು ಮನೆಮನೆಗೆ ತಲುಪಿಸುವ ಕೆಲಸದಲ್ಲಿದ್ದವನು. ಬಾಗಿಲು ತಗ್ಗಿ ದಾಟಬೇಕಾದಷ್ಟು ಎತ್ತರ, ಅದಕ್ಕೆ ತಕ್ಕ ಮೈ. ಒಂದು ದಿನ ಸಾಮಾನು ಸಾಗಿಸುವ ಲಿಫ್ಟಿನಲ್ಲಿ ಅವನೂ ಒಂದು ದೊಡ್ಡ ಫ್ರಿಜ್ಜೂ ಇದ್ದಾಗ, ಎರಡು ಮಹಡಿಗಳ ನಡುವೆ ಲಿಫ್ಟ್ ನಿಂತು ದೀಪ ಹೋಯಿತು. ಫ್ರಿಜ್ಜು ವಾಲಿ ಅವನ ಎದೆಯನ್ನು ಅದುಮಿ ಲಿಫ್ಟಿನ ಗೋಡೆಗೆ ಒತ್ತಿ ಹಿಡಿಯಿತು. ಕೂಗಿದರೆ ಉಸಿರು ಖರ್ಚಾಗುತ್ತದೆ, ಕೂಗದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಅವನನ್ನು ಹೊರಗೆಳೆದಾಗ ಮೈಮೇಲೆ ಒಂದು ಗೀರೂ ಇರಲಿಲ್ಲ. ಆದರೆ ಆಮೇಲೆ ಅವನು ಲಿಫ್ಟಿಗೆ ಕಾಲಿಡಲಿಲ್ಲ, ಬಸ್ಸು ಹತ್ತಲಿಲ್ಲ, ಬಚ್ಚಲಿನ ಚಿಲಕ ಹಾಕಲಿಲ್ಲ. ಸಿಕ್ಕ ಕೆಲಸವೆಲ್ಲ ಕೈಬಿಟ್ಟಿತು. ಹಜಾರದ ಬಾಗಿಲ ಬಳಿ ಒಂದು ಕುರ್ಚಿ ಹಾಕಿಕೊಂಡು ಇಡೀ ಚಳಿಗಾಲ ಕೂತುಬಿಟ್ಟ. ಹೆಂಡತಿ ಬಾಗಿಲು ತೆರೆದೇ ಇಟ್ಟು, ತಾನು ಎರಡು ಸ್ವೆಟರ್ ಹಾಕಿಕೊಂಡು ಅಡುಗೆ ಮಾಡಿದಳು.

ಆ ಕುರ್ಚಿಯಿಂದ ಅವನನ್ನು ಎಬ್ಬಿಸಿದ್ದು ಚಿಕ್ಕಮ್ಮ. ತಾಯಿಯ ತಂಗಿ, ಸ್ಟುಡಿಯೋದ ಉಡುಪು ವಿಭಾಗದ ಹಿರಿಯಳು. ಮಣಿಕಟ್ಟಿಗೆ ಸೂಜಿಮೆತ್ತೆ, ಕೊರಳಿಗೆ ದಾರದಲ್ಲಿ ತೂಗುಬಿಟ್ಟ ಕನ್ನಡಕ. ಗೋಡೆಯ ಉಡುಪು ಹೊತ್ತು ನಿಲ್ಲುವ ಆಳು ಬೇಕೆಂದಾಗ ಇವನನ್ನು ಎಳೆದು ತಂದಿದ್ದಳು. ಉಡುಪು ಬೆನ್ನಿನ ಕಡೆ ಕೊಂಡಿಗಳಿಂದ ಮುಚ್ಚುತ್ತದೆ. ಒಳಗಿದ್ದವನು ತಾನಾಗಿ ಬಿಚ್ಚಲಾರ. ಮೊದಲ ದಿನ ತಲೆಗವಚ ಕೂರಿಸಿದ ಕೂಡಲೇ ಅವನು ಒಳಗಿನಿಂದ ಗುದ್ದತೊಡಗಿದ್ದ. ಚಿಕ್ಕಮ್ಮ ಬೆನ್ನಿನ ಕಿಂಡಿಯೊಳಗೆ ಕೈ ತೂರಿಸಿದಳು. ಬಿಡುವಿನಲ್ಲಿ ಗಾಳಿ ಕೊಳವೆ ಇಡಲೆಂದು ಬಿಟ್ಟ, ಇಟ್ಟಿಗೆಯಷ್ಟೇ ದೊಡ್ಡ ಕಿಂಡಿ ಅದು. ಹೆಗಲಿನ ಎರಡು ಮೂಳೆಗಳ ನಡುವೆ ಅಂಗೈ ಒತ್ತಿ, "ಇಲ್ಲೇ ಇದೀನಿ ಕಣೋ. ಈ ಕೈ ಹೊರಗಿಂದ ಬಂದಿದ್ದು. ಅಂದ್ರೆ ಹೊರಗೆ ಅನ್ನೋದು ಇದೆ" ಅಂದಿದ್ದಳು.

ಅಲ್ಲಿಂದ ಅದೇ ರೂಢಿಯಾಯಿತು. ಸಾಲಿನ ಕೊನೆಯಲ್ಲಿ ನಿಲ್ಲುವವನ ಹಿಂದೆ ಒಂದು ಮುರಿದ ಕಂಬವೋ ಮಣ್ಣಿನ ದಿಬ್ಬವೋ ಇದ್ದೇ ಇರುತ್ತಿತ್ತು. ಚಿಕ್ಕಮ್ಮ ಅದರ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕೈ ಮೇಲೆ ಚಾಚುತ್ತಿದ್ದಳು. ಉಡುಪಿನ ಭಾರ ಎತ್ತಿ ಹಿಡಿಯುತ್ತಾಳೆಂದು ಎಲ್ಲರೂ ತಿಳಿದಿದ್ದರು. ಗೋಡೆಗೆ ಮೂಲೆಯೇ ಸ್ವರ್ಗವಾಗಿತ್ತು. ಈಗ ಅಲ್ಲಿಂದ ಎತ್ತಿ ನಡುವೆ ನಿಲ್ಲಿಸಿ ಸನ್ಮಾನ ಮಾಡುತ್ತಾರಂತೆ.

ಉಡುಪಿನ ಕೋಣೆಯಲ್ಲಿ ಚಿಕ್ಕಮ್ಮ ಎಲ್ಲ ಕೇಳಿ ಸೂಜಿಗೆ ದಾರ ಪೋಣಿಸಿದಳು. "ಹೇಳ್ಬಿಡೋ ಅವರಿಗೆ."

"ಹೇಳಿದ್ರೆ ನಾಳೆ ಇದರೊಳಗೆ ಬೇರೆಯವನು ಇರ್ತಾನೆ ಚಿಕ್ಕಮ್ಮ."

"ಇರಲಿ ಬಿಡು."

"ನಾನು ಮತ್ತೆ ಆ ಕುರ್ಚಿಗೆ ಹೋಗ್ಬೇಕಾ?"

ಚಿಕ್ಕಮ್ಮ ಸೂಜಿಯನ್ನು ಮೆತ್ತೆಗೆ ಚುಚ್ಚಿದಳು. ಬಾಗಿಲು ಹಾಕಿದರೆ ಅವನಿಗೆ ಆಗುವುದಿಲ್ಲವೆಂದು ಎದ್ದು ಪರದೆಯನ್ನಷ್ಟೇ ಎಳೆದಳು. ಉಡುಪು ತೊಡಿಸಿದಳು, ತಲೆಗವಚ ಕೂರಿಸಿದಳು, ಕಿಂಡಿಯಲ್ಲಿ ಕೈ ಇಟ್ಟಳು. "ಈಗ ನಿಧಾನಕ್ಕೆ ತೆಗೀತೀನಿ. ನಾನು ಮಾತಾಡ್ತಾನೇ ಇರ್ತೀನಿ. ನನ್ನ ಸೊಸೆ ಮೊನ್ನೆ ಕುಕ್ಕರಿಗೆ ನೀರು ಹಾಕೋದು ಮರೆತು..."

ಅಂಗೈ ಹೋಗಿ ಬೆರಳ ತುದಿ ಉಳಿಯಿತು. ಅದೂ ಹೋಯಿತು. ಬೆನ್ನಿಗೆ ಗಾಳಿ ತಾಗಿತು. ಚಿಕ್ಕಮ್ಮನ ಮಾತು ದೂರ ದೂರ ಸರಿಯಿತು, ಯಾರೋ ಮೇಲಿನ ಮಹಡಿಯಿಂದ ಕೂಗಿದ ಹಾಗೆ. ರಬ್ಬರಿನ ವಾಸನೆ ಹೊಸ ಫ್ರಿಜ್ಜಿನ ಬಾಗಿಲಿನ ವಾಸನೆಯಾಯಿತು. ಎದೆಯ ಮೇಲೆ ಆ ಭಾರ ಬಂದು ಕೂತಿತು. ಮುಂದಿನದು ಅವನಿಗೆ ನೆನಪಿಲ್ಲ. ಕಣ್ಣು ಬಿಟ್ಟಾಗ ನೆಲದ ಮೇಲಿದ್ದ. ತಲೆಗವಚ ಬೀರುವಿನ ಕೆಳಗೆ ಉರುಳಿತ್ತು, ಒಂದು ತೋಳು ಹೊಲಿಗೆ ಬಿಚ್ಚಿ ಜೋತಾಡುತ್ತಿತ್ತು. ಚಿಕ್ಕಮ್ಮ ಅವನ ಬೆವರನ್ನು ತನ್ನ ಸೆರಗಿನಿಂದ ಒರೆಸುತ್ತಿದ್ದಳು.

"ಉಡುಪು ಹರಿದುಬಿಟ್ಟೆ" ಅಂದ.

"ಹೊಲಿಯೋಕೆ ತಾನೇ ನಾನಿರೋದು? ಸುಮ್ನಿರು."

ಮರುದಿನ ಅವನು ಸೆಟ್ಟಿಗೆ ಎಲ್ಲರಿಗಿಂತ ಕೊನೆಗೆ ಹೋದ. ದೊಡ್ಡ ಗೋದಾಮಿನಂತಹ ಆ ಕಟ್ಟಡದೊಳಗೆ ಊರಿನ ಒಂದು ಚೌಕವನ್ನು ಕಟ್ಟಿ ಆಗಲೇ ಕೆಡವಿದ್ದರು: ಮಗುಚಿದ ಬಸ್ಸು, ಅರ್ಧ ಉರುಳಿದ ಗಡಿಯಾರದ ಗೋಪುರ, ಥರ್ಮಾಕೋಲಿನ ಕಲ್ಲುಗಳು. ಸುತ್ತಲೂ ಕ್ಯಾಮೆರಾದ ಹಳಿ. ಹಳಿಯ ಒಳಗೆ, ಕೊನೆಯಲ್ಲಿ ನಿಲ್ಲುವವರ ಹತ್ತಿರ, ಕಲ್ಲುಗಳ ನಡುವೆ ಗ್ಯಾಸಿನ ಪೈಪುಗಳು. ಬೆಂಕಿಯ ಉಸ್ತುವಾರಿಯವನು ಒಂದು ಪೈಪು ಹೊತ್ತಿಸಿ ನೋಡಿದ. ಆಳೆತ್ತರದ ಜ್ವಾಲೆ ಎದ್ದಿತು. ಬೆಂಕಿಯೆಂದರೆ ಗೋಡೆಗೆ ಏನೂ ಅನ್ನಿಸುತ್ತಿರಲಿಲ್ಲ. ಸುಡದ ರಬ್ಬರು ಅದು, ಇಷ್ಟು ದಿನ ಅದರ ಪಕ್ಕದಲ್ಲೇ ನಿಂತಿದ್ದವನು.

ತಲೆಗವಚವಿಲ್ಲದೆ ಒಮ್ಮೆ ಅಭ್ಯಾಸ ಮಾಡಿದರು. ಸರಿಹೋಯಿತು. "ನೋಡಿ, ರಾಜನ ಹಾಗೆ ನಿಂತಿದ್ದಾನೆ" ಎಂದರು ನಿರ್ದೇಶಕರು.

ಆಮೇಲೆ ಚಿಕ್ಕಮ್ಮ ಸ್ಟೂಲು ಹತ್ತಿ ತಲೆಗವಚ ಕೂರಿಸಿದಳು. ಕೊಂಡಿಗಳು ಒಂದೊಂದಾಗಿ ಕಟ್ ಕಟ್ ಎಂದವು. ಲೋಕವೆಲ್ಲ ಎರಡು ಸೀಳುಗಳಾಯಿತು. ಕಿಂಡಿಯಲ್ಲಿ ಅವಳ ಕೈ ಒಂದು ಗಳಿಗೆ ಬೆನ್ನಿಗೆ ಒತ್ತಿ ನಿಂತಿತು.

"ಎಲ್ಲರೂ ಹಳಿ ಬಿಟ್ಟು ಆಚೆ!" ಯಾರೋ ಕೂಗಿದರು.

ಕೈ ಹೋಯಿತು.

ಬೆಂಕಿ ಹೊತ್ತಿತು. ಹೊಗೆ ಬಿಟ್ಟರು. ಕ್ಯಾಮೆರಾ ಎಡಗಡೆಯಿಂದ ಹೊರಟು ಸೀಳಿನ ಅಂಚಿನಲ್ಲಿ ಕಂಡು, ಕಾಣದಾಯಿತು. ಗೋಡೆ ಹೆಂಡತಿಯ ಸ್ವೆಟರುಗಳನ್ನು ನೆನೆದ. ತೆರೆದ ಬಾಗಿಲನ್ನು ನೆನೆದ. ಬಾಗಿಲು ಮುಚ್ಚಿಕೊಂಡಿತು. ಬೆನ್ನಿನ ಕಿಂಡಿಯಿಂದ ಬರುತ್ತಿದ್ದ ತಣ್ಣನೆ ಗಾಳಿ ಹಿಂದೆ ಯಾರೂ ಇಲ್ಲ, ಯಾರೂ ಇಲ್ಲ ಎಂದು ಹೇಳುತ್ತಿರುವಂತಿತ್ತು. ತನ್ನ ಉಸಿರೇ ತನ್ನ ಮುಖಕ್ಕೆ ಬಡಿದು ಮರಳುತ್ತಿತ್ತು. ಅವನು ಒಂದು ಹೆಜ್ಜೆ ಹಿಂದಿಟ್ಟ. ಇನ್ನೊಂದು. ಕೈ ತಾನಾಗಿ ಕೊರಳಿನ ಕಡೆ ಎದ್ದಿತು.

"ಕಟ್! ಗೋಡೆ, ಏನಪ್ಪಾ ಇದು? ಗೋಡೆ ಯಾವತ್ತಾದ್ರೂ ಹಿಂದೆ ನಡೆಯುತ್ತಾ?"

ನಗು. ಚಿಕ್ಕಮ್ಮ ಹಳಿ ದಾಟಿ ಓಡಿಬಂದು, ಹೆಗಲ ಹೊಲಿಗೆ ನೋಡುವ ನೆಪದಲ್ಲಿ ಕಿಂಡಿಯೊಳಗೆ ಕೈಯಿಟ್ಟಳು. ಒಳಗೆ ಅವನ ಬೆನ್ನು ಜ್ವರ ಬಂದವರ ಹಾಗೆ ನಡುಗುತ್ತಿತ್ತು.

"ಇನ್ನೊಂದ್ಸಲ ಆಗಲ್ಲ ಚಿಕ್ಕಮ್ಮ" ಅಂದ. ತಲೆಗವಚದೊಳಗಿನ ಮಾತು ಅವಳಿಗೆ ಕೇಳಿಸಿತೋ ಇಲ್ಲವೋ. ಅವಳು ಕೈ ತೆಗೆದು ಹೊರಟಳು.

ಹೋದದ್ದು ಕಿಡಿಯ ಹತ್ತಿರ.

ಗೋಡೆ ಸೀಳಿನಿಂದ ನೋಡಿದ. ಕಿಡಿ ಪೈಪಿನಿಂದ ಸಾಧ್ಯವಾದಷ್ಟು ದೂರ ಸರಿದು ಒಂಟಿಯಾಗಿ ನಿಂತಿದ್ದ. ಚಿಕ್ಕಮ್ಮ ಅವನ ತೋಳು ಹಿಡಿದು ಸೂಜಿ ಹಾಕಿದಳು. ಹೊಲಿಯುತ್ತಲೇ ಏನೋ ಹೇಳಿದಳು. ಕಿಡಿ ಬಗ್ಗಿ ಕೇಳಿಸಿಕೊಂಡ. ಚಿಕ್ಕಮ್ಮ ಹಲ್ಲಿನಿಂದ ದಾರ ಕಡಿದಳು. ಕಿಡಿ ತಲೆಯೆತ್ತಿ ನೇರವಾಗಿ ಗೋಡೆಯನ್ನು ನೋಡಿದ.

ಹೇಳಿಬಿಟ್ಟಳು. ಎಲ್ಲರನ್ನೂ ಬಿಟ್ಟು ಅವನಿಗೆ! ಜಾಗ ಕಳೆದುಕೊಂಡವನಿಗೆ, ಬಾಯಿ ತೆರೆದರೆ ಹತ್ತು ಜನರನ್ನು ನಗಿಸುವವನಿಗೆ.

"ಸಾರ್!" ಕಿಡಿಯ ದೊಡ್ಡ ದನಿ ಚಾವಣಿಗೆ ಬಡಿಯಿತು. "ಇದು ನನಗೆ ಸರಿಬರ್ತಿಲ್ಲ ಸಾರ್."

ಎಲ್ಲರೂ ತಿರುಗಿದರು. ಗೋಡೆ ಕಣ್ಣು ಮುಚ್ಚಿದ.

"ಕ್ಯಾಮೆರಾ ಹಿಂದಿನಿಂದ ಬಂದಾಗ ಏನು ಕಾಣುತ್ತೆ? ಇವನ ಬೆನ್ನು. ಗೋಡೆಯ ಬೆನ್ನು ನೋಡೋಕೆ ಯಾರು ಸಾರ್ ಟಿಕೆಟ್ ತಗೋತಾರೆ? ಅಲ್ಲಿ ನನ್ನ ಮುಖ ಇರ್ಬೇಕು. ಇವನ ಬೆನ್ನಿಗೆ ಬೆನ್ನು ಕೊಟ್ಟು ನಿಲ್ತೀನಿ. ಇಲ್ಲಾಂದ್ರೆ ನಾನು ಈಗಲೇ ಹೊರಟೆ."

ಸೆಟ್ಟು ಗುಸುಗುಸು ಎಂದಿತು. "ಇವರ ಜಂಬಕ್ಕೆ ಕೊನೆಯೇ ಇಲ್ವಾ?" ಎಂದು ಸುಳಿ ಎಲ್ಲರಿಗೂ ಕೇಳುವಂತೆಯೇ ಅಂದಳು. ನಿರ್ದೇಶಕರು ಹಣೆ ಉಜ್ಜಿಕೊಂಡರು. ದೊಡ್ಡ ನಟ, ಅರ್ಧ ದಿನ ಆಗಲೇ ಹೋಗಿದೆ. ಕ್ಯಾಮೆರಾದವನು ಕಣ್ಣು ಕಿರಿದು ಮಾಡಿ, "ನೋಡೋಕೆ ಚೆನ್ನಾಗೇ ಇರುತ್ತೆ" ಎಂದ. ನಿರ್ದೇಶಕರು ಕೈಬೀಸಿದರು, ಏನಾದರೂ ಮಾಡಿಕೊಳ್ಳಿ ಎಂಬಂತೆ.

ಕಿಡಿ ಬಂದು ಗೋಡೆಯ ತಲೆಗವಚಕ್ಕೆ ಬೆರಳಿನಿಂದ ಬಡಿದ. "ಯಾರ್ರೀ ಮನೇಲಿ?" ಎಲ್ಲರೂ ನಕ್ಕರು. ಆ ನಗುವಿನ ಗಲಾಟೆಯಲ್ಲಿ ಅವನು ಸೀಳಿನ ಹತ್ತಿರ ಬಾಯಿ ತಂದು ಮೆಲ್ಲಗೆ ಕೇಳಿದ: "ಕಿಂಡಿ ಎಡಗಡೇನಾ, ಬಲಗಡೇನಾ?"

ಗೋಡೆಗೆ ಒಂದು ಕ್ಷಣ ಅರ್ಥವಾಗಲಿಲ್ಲ. "ನಡುವೆ" ಅಂದ.

"ನನ್ನ ಕೈ ಒದ್ದೆಯಾಗಿರುತ್ತೆ. ಬೇಜಾರು ಮಾಡ್ಕೋಬೇಡ."

ಅವನು ಹಿಂದೆ ಹೋದ. ಬೆನ್ನಿಗೆ ಬೆನ್ನು ತಾಗಿತು. ಕಿಡಿಯ ಮೇಲುಹೊದಿಕೆಯ ಮರೆಯಲ್ಲಿ ಒಂದು ಕೈ ಕಿಂಡಿಯ ಅಂಚನ್ನು ತಡಕಾಡಿ ಒಳಗೆ ಬಂತು. ಚಿಕ್ಕಮ್ಮನ ಒಣ, ಒರಟು ಅಂಗೈಯಂತಿರಲಿಲ್ಲ ಅದು. ದೊಡ್ಡದು, ತಣ್ಣಗೆ, ನೀರಿನಲ್ಲಿ ಅದ್ದಿ ತೆಗೆದಂತೆ ಬೆವತಿತ್ತು. ತಿರುಚಿಕೊಂಡಿದ್ದರಿಂದ ಅಂಗೈ ಸಿಗದೆ ಬೆರಳಿನ ಗೆಣ್ಣುಗಳು ಮಾತ್ರ ಬೆನ್ನಿಗೆ ಒತ್ತಿದವು.

ಬೆಂಕಿ ಹೊತ್ತಿತು. ಹೊಗೆ. ಕ್ಯಾಮೆರಾ ಹೊರಟಿತು. ಎದೆಯ ಮೇಲಿನ ಭಾರ ಬಾಗಿಲಲ್ಲೇ ಕಾದಿದ್ದಂತೆ ಮತ್ತೆ ಒಳಗೆ ಬಂತು. ಆದರೆ ಬೆನ್ನಿಗೆ ಗೆಣ್ಣುಗಳು ಒತ್ತುತ್ತಿದ್ದವು. ಈ ಕೈ ಹೊರಗಿನದು. ಹೊರಗೆ ಅನ್ನೋದು ಇದೆ. ಗೋಡೆ ಒಂದು ಉಸಿರು ಎಳೆದ, ಬಿಟ್ಟ. ಇನ್ನೊಂದು ಎಳೆದ.

ಆಗ ಅವನಿಗೆ ತಿಳಿಯಿತು, ಆ ಕೈ ನಡುಗುತ್ತಿದೆ ಎಂದು.

ಮೊದಲು ತನ್ನ ನಡುಕವೇ ಇರಬೇಕೆಂದುಕೊಂಡ. ಅಲ್ಲ. ಬಲಗಡೆಯ ಪೈಪು ಬುಸ್ಸೆಂದಾಗಲೆಲ್ಲ ಆ ಬೆರಳುಗಳು ಅವನ ಒಳಅಂಗಿಯನ್ನು ಗಬಕ್ಕನೆ ಹಿಡಿಯುತ್ತಿದ್ದವು. ದೊಡ್ಡ ಫ್ಯಾನಿನ ಗಾಳಿಗೆ ಜ್ವಾಲೆ ವಾಲಿ, ಅಭ್ಯಾಸದಲ್ಲಿ ಬಾರದಷ್ಟು ಹತ್ತಿರ ಬಂತು. ಬೆನ್ನ ಹಿಂದೆ ಕಿಡಿಯ ಮೈ ಕಟ್ಟಿಗೆಯಾಯಿತು. ಅವನ ಉಸಿರು ನಿಂತದ್ದು ರಬ್ಬರಿನ ಮೂಲಕವೂ ಗೋಡೆಗೆ ಗೊತ್ತಾಯಿತು. ಉಸಿರು ನಿಂತಾಗ ಹೇಗಿರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಯಾರಿದ್ದರು?

ಅಲುಗಾಡಬಾರದೆಂದು ನಿರ್ದೇಶಕರು ಹೇಳಿದ್ದರು. ಗೋಡೆ ಅರ್ಧ ಹೆಜ್ಜೆ ಬಲಕ್ಕೆ ಇಟ್ಟ. ಆ ಅಗಲವಾದ ಇಟ್ಟಿಗೆಯ ಭುಜವನ್ನು ಜ್ವಾಲೆಗೂ ಕಿಡಿಗೂ ನಡುವೆ ತಂದು ನಿಲ್ಲಿಸಿದ. ಶಾಖ ರಬ್ಬರಿಗೆ ಬಡಿಯಿತು. ಒಳಗೆ ಕತ್ತಲಿತ್ತು, ಎದೆಯ ಮೇಲೆ ಭಾರವಿತ್ತು, ಭಯ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿರಲಿಲ್ಲ. ಆದರೂ ಅವನು ತನ್ನ ಬೆನ್ನನ್ನು ಹಿಂದಕ್ಕೆ ಒತ್ತಿ, ಆ ಒದ್ದೆ ಕೈಗೆ ಆತುಕೊಳ್ಳಲು ಜಾಗ ಕೊಟ್ಟ.

ಕ್ಯಾಮೆರಾ ಪೂರ್ತಿ ಸುತ್ತು ಬಂದು ನಿಂತಿತು.

"ಕಟ್!" ಎಂದ ನಿರ್ದೇಶಕರು ಕುರ್ಚಿ ಬಿಟ್ಟು ಎದ್ದು ಬಂದರು. ಆಮೇಲೆ, "ಆ ಭುಜ ತಿರುಗಿಸಿದ್ದು ಯಾರು ಹೇಳಿಕೊಟ್ಟಿದ್ದು?" ಎಂದು ಕೇಳಿದರು. ಕೋಪವಿರಲಿಲ್ಲ. ನೆರಳು ದೂರದಿಂದಲೇ, "ಯಾರೂ ಹೇಳಿಕೊಡಲ್ಲ ಅದನ್ನ" ಎಂದರು.

ಚಿಕ್ಕಮ್ಮ ಬಂದು ಕೊಂಡಿ ಬಿಚ್ಚಿ ತಲೆಗವಚ ಎತ್ತಿದಳು. ಗಾಳಿ ಮುಖಕ್ಕೆ ಬಡಿದು ಗೋಡೆಯ ಕಣ್ಣಲ್ಲಿ ನೀರು ಬಂತು. ಕಿಡಿ ಮಗುಚಿದ ಬಸ್ಸಿನ ಮರೆಯಲ್ಲಿ ಕೂತು ನೀರು ಕುಡಿಯುತ್ತಿದ್ದ. ಗೋಡೆ ಹೋಗಿ ಪಕ್ಕದಲ್ಲಿ ಕೂತ. ಆ ಉಡುಪಿನಲ್ಲಿ ಕೂರುವುದೆಂದರೆ ಕುಸಿದು ಬೀಳುವುದೇ.

ಕಿಡಿ ತೋಳಿನ ಬಟ್ಟೆ ಮೇಲೆ ಸರಿಸಿ ತೋರಿಸಿದ. ಮೊಣಕೈಯಿಂದ ಮೇಲಕ್ಕೆ ಚರ್ಮ ಸುಕ್ಕುಗಟ್ಟಿ ಹೊಳೆಯುತ್ತಿತ್ತು. "ಹಿಂದಿನ ಸಿನಿಮಾದಲ್ಲಿ ಸುಟ್ಟಿದ್ದು. ಹೊರಗೆ ಗೊತ್ತಾಗದ ಹಾಗೆ ನೋಡ್ಕೊಂಡ್ವಿ. ನಿನ್ನ ಚಿಕ್ಕಮ್ಮ ತೋಳಿನೊಳಗೆ ಒಂದು ಪದರ ಜಾಸ್ತಿ ಹೊಲೀತಾರೆ, ಕೇಳ್ದೇನೇ."

"ಅದಕ್ಕೇನಾ ನೀವು ಯಾವಾಗ್ಲೂ..."

"ಮಧ್ಯ ನಿಂತ್ರೆ ಪೈಪು ದೂರ ಇರುತ್ತೆ. ಅಷ್ಟೇ ವಿಷಯ." ಅವನು ಬಾಟಲಿಯ ಮುಚ್ಚಳ ತಿರುಗಿಸಿದ. "ಜನ ಜಂಬ ಅಂತಾರೆ. ಅನ್ಲಿ. ಬೆಂಕಿಯ ವೀರ ಬೆಂಕಿ ಕಂಡ್ರೆ ಹೆದರ್ತಾನೆ ಅನ್ನೋದಕ್ಕಿಂತ ವಾಸಿ ಅಲ್ವಾ?"

"ನನಗೆ ಬೆಂಕಿ ಪರವಾಗಿಲ್ಲ" ಅಂದ ಗೋಡೆ.

"ನನಗೆ ಕತ್ತಲೆ ಪರವಾಗಿಲ್ಲ" ಅಂದ ಕಿಡಿ. ಇಬ್ಬರೂ ನಗಲಿಕ್ಕೆ ಹೋಗಿ, ಕೆಮ್ಮಿದರು.

ಅಷ್ಟರಲ್ಲಿ ಆಚೆಯಿಂದ ಕೂಗು ಬಂತು. ಹೊಗೆ ಹೆಚ್ಚಾಗಿ ಸುಳಿಯ ಮುಖ ಕಾಣಿಸಿಲ್ಲವಂತೆ. ಇನ್ನೊಂದು ಟೇಕ್.

ಗೋಡೆ ಪಕ್ಕದವನ ಮುಖ ನೋಡಿದ. ಬಣ್ಣದ ಕೆಳಗೆ ಅದೂ ಬಿಳಿಚಿಕೊಂಡಿತ್ತು. ಯಾರೂ ಏಳಲಿಲ್ಲ.

ಚಿಕ್ಕಮ್ಮ ಗೋಡೆಯ ಬೆನ್ನ ಹಿಂದೆ ಮೊಣಕಾಲೂರಿ ಕೂತಳು. ಕನ್ನಡಕ ಏರಿಸಿ, ಮೆತ್ತನೆಯ ಬಟ್ಟೆಯದೊಂದು ಪಟ್ಟಿಯನ್ನು ಕಿಂಡಿಯ ಅಂಚಿಗೆ ಹಿಡಿದು ಸರಸರನೆ ಹೊಲಿಯತೊಡಗಿದಳು.

"ಏನ್ ಮಾಡ್ತಿದೀಯ ಚಿಕ್ಕಮ್ಮ?"

"ಅಲುಗಾಡ್ಬೇಡ, ಸೂಜಿ ಚುಚ್ಚುತ್ತೆ" ಅಂದಳು ಅವಳು. "ರಬ್ಬರಿನ ಅಂಚು ಚೂಪು. ಪಾಪ, ಅವನ ಮಣಿಕಟ್ಟು ಗೀರಿಹೋಗಿದೆ."